ಮಗುವಿಗೆ ನನ್ನಿಂದ ಬಂದಿದೆ, ಗಂಡ ಟೆಸ್ಟ್ ಬೇಡ ಅಂತಾರೆ

ಪ್ರಶ್ನೆ: ನನ್ನ ಪಾಪುವಿನ ಹಿಮ್ಮಡಿ ಚುಚ್ಚಿ ಮಾಡಿದ ರಕ್ತಪರೀಕ್ಷೆಯಲ್ಲಿ ಸಿಕಲ್ ಸೆಲ್ ಟ್ರೇಟ್ ಇದೆ ಎಂದು ಬಂತು. ನಾನೂ ಪರೀಕ್ಷೆ ಮಾಡಿಸಿದೆ, ನನಗೂ ಇದೆ. ‘ನಿನ್ನಿಂದ ಬಂದಿದ್ದು ಗೊತ್ತಾಯ್ತಲ್ಲ, ಇನ್ನು ನನಗ್ಯಾಕೆ ಟೆಸ್ಟ್?’ ಎನ್ನುತ್ತಾರೆ ಗಂಡ. ನಮಗೆ ಇನ್ನೊಂದು ಮಗು ಬೇಕು. ತಂಗಿ ಈಗ ಎರಡು ತಿಂಗಳ ಬಸುರಿ, ಅವಳಿಗೆ ಹೇಳಿ ಸುಮ್ನೆ ಹೆದರಿಸಬೇಕಾ?

ಉತ್ತರ: ಮೊದಲು ಪಾಪು ವಿಷಯ. ಸಿಕಲ್ ಸೆಲ್ ಅಂದರೆ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಆನುವಂಶಿಕ ಕಾಯಿಲೆ. ಟ್ರೇಟ್ ಅಂದರೆ ಜೋಡಿ ಜೀನ್‌ಗಳಲ್ಲಿ ಒಂದು ಮಾತ್ರ ಸಿಕಲ್ ಜೀನ್ ಆಗಿರುವುದು. ಅದು ಕಾಯಿಲೆಯಲ್ಲ, ಮುಂದೆ ಅದು ಕಾಯಿಲೆಯಾಗಿ ಬದಲಾಗುವುದೂ ಇಲ್ಲ. ನಿಮಗೇ ಇಷ್ಟು ವರ್ಷ ಗೊತ್ತಿರಲಿಲ್ಲ, ಅಲ್ವಾ? ಮೊದಲ ರಿಪೋರ್ಟನ್ನು ಇನ್ನೊಂದು ಪರೀಕ್ಷೆಯಿಂದ ಖಚಿತ ಮಾಡಿಕೊಳ್ಳಿ, ಅಷ್ಟೇ. ದೊಡ್ಡವಳಾಗಿ ಬಿಸಿಲಲ್ಲಿ ತುಂಬಾ ಓಡಿ ಆಡುವಾಗ ನೀರು ಚೆನ್ನಾಗಿ ಕುಡಿಯಬೇಕು, ಮೂತ್ರದಲ್ಲಿ ರಕ್ತ ಕಂಡರೆ ಡಾಕ್ಟರಿಗೆ ತೋರಿಸಬೇಕು. ಇದು ನಿಮ್ಮ ತಪ್ಪಲ್ಲ. ಯಾವ ಜೀನ್ ಮಗುವಿಗೆ ಹೋಗಬೇಕು ಎಂದು ಯಾವ ತಾಯಿಯೂ ಆರಿಸಿ ಕೊಡುವುದಿಲ್ಲ.

ಈಗ ನಿಮ್ಮ ಗಂಡನ ಮಾತು. ಅವರ ಲೆಕ್ಕ ತಪ್ಪು, ಮತ್ತು ಬಹಳ ಜನ ಎಡವುವುದು ಇಲ್ಲೇ. ಹಿಮೋಗ್ಲೋಬಿನ್ ಜೀನ್ ಪ್ರತಿಯೊಬ್ಬರಲ್ಲೂ ಜೋಡಿಯಾಗಿರುತ್ತದೆ, ಮಗುವಿಗೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಪಾಪುವಿಗೆ ಸಿಕಲ್ ಜೀನ್ ನಿಮ್ಮಿಂದಲೇ ಬಂದಿದ್ದರೆ ಅಪ್ಪನಿಂದ ಸರಿಯಾದ ಜೀನೇ ಬಂದಿದೆ ನಿಜ, ಆದರೆ ಅವರ ಹತ್ತಿರ ಇರುವ ಇನ್ನೊಂದು ಜೀನ್ ಎಂಥದ್ದು ಅನ್ನೋದನ್ನ ಈ ರಿಪೋರ್ಟ್ ಹೇಳುವುದೇ ಇಲ್ಲ. ಅದೂ ಸರಿಯಾಗಿದ್ದರೆ ನಿಮ್ಮ ಯಾವ ಮಗುವಿಗೂ ಸಿಕಲ್ ಸೆಲ್ ಕಾಯಿಲೆ ಬರುವುದಿಲ್ಲ. ಅವರಿಗೂ ಟ್ರೇಟ್ ಇದ್ದರೆ ಪ್ರತಿ ಬಸುರಿನಲ್ಲೂ ಕಾಯಿಲೆಯ ಸಾಧ್ಯತೆ ನಾಲ್ಕರಲ್ಲಿ ಒಂದು, ಟ್ರೇಟ್ ಮಾತ್ರ ಬರುವ ಸಾಧ್ಯತೆ ನಾಲ್ಕರಲ್ಲಿ ಎರಡು. ಮೊದಲ ಮಗು ಪಾರಾಯಿತು ಎಂದು ಎರಡನೆಯದಕ್ಕೆ ಈ ಲೆಕ್ಕ ಬದಲಾಗುವುದಿಲ್ಲ.

ಇನ್ನೊಂದು ಮಾತು. ಸಿಕಲ್ ಇದೆಯೋ ಇಲ್ಲವೋ ಅಂತಷ್ಟೇ ಹೇಳುವ ಪರೀಕ್ಷೆ ಅವರಿಗೆ ಸಾಲದು. ಅವರಿಗೆ ಬೀಟಾ ಥಲಸ್ಸೀಮಿಯಾ (ಹಿಮೋಗ್ಲೋಬಿನ್ ಕಡಿಮೆ ತಯಾರಾಗುವ ಇನ್ನೊಂದು ಆನುವಂಶಿಕ ತೊಂದರೆ) ಟ್ರೇಟ್ ಇದ್ದರೂ, ಅದು ನಿಮ್ಮ ಸಿಕಲ್ ಜೀನ್ ಜೊತೆ ಸೇರಿದರೆ ಮಗುವಿಗೆ ಕಾಯಿಲೆ ಬರಬಹುದು, ಹಾಗಾಗಿ ರಕ್ತದಲ್ಲಿ ಯಾವ ಬಗೆಯ ಹಿಮೋಗ್ಲೋಬಿನ್ ಎಷ್ಟಿದೆ ಎಂದು ತೋರಿಸುವ ಎಚ್‌ಪಿಎಲ್‌ಸಿ ಅಥವಾ ಎಲೆಕ್ಟ್ರೋಫೋರೆಸಿಸ್ ಪರೀಕ್ಷೆಯ ಜೊತೆಗೆ ಪೂರ್ತಿ ರಕ್ತ ಎಣಿಕೆಯನ್ನೂ ಮಾಡಿಸಿ. ಜೆನೆಟಿಕ್ ಕೌನ್ಸೆಲರ್ (ಆನುವಂಶಿಕ ಕಾಯಿಲೆಗಳ ಬಗ್ಗೆ ಸಲಹೆ ಕೊಡುವವರು) ಹತ್ತಿರ ಇಬ್ಬರೂ ಒಟ್ಟಿಗೇ ಹೋಗಿ. ನೀವು ಹೇಳಿದರೆ ಜಗಳವಾಗುವ ಮಾತು ಕೌನ್ಸೆಲರ್ ಹೇಳಿದಾಗ ಬರೀ ಮಾಹಿತಿಯಾಗಿ ಕೇಳಿಸುತ್ತದೆ. ಮನೆಯಲ್ಲಿ ಮಾತ್ರ ‘ಯಾರಿಂದ ಬಂತು’ ಅನ್ನೋದನ್ನ ಬಿಡಿ, ‘ಮುಂದಿನ ಮಗುವಿಗೆ ಏನು ತಿಳಿದಿರಬೇಕು’ ಎಂದು ಕೇಳಿ.

ತಂಗಿಗೆ ಖಂಡಿತ ಹೇಳಿ, ಅದೂ ಇವತ್ತೇ. ನಿಮ್ಮ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗಾದರೂ ಇದು ಇದ್ದೇ ಇರುತ್ತದೆ, ಅಂದರೆ ಅವಳಿಗೂ ಕನಿಷ್ಠ ಅರ್ಧಕ್ಕರ್ಧ ಸಾಧ್ಯತೆ. ಅವಳಿಗೆ ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಇದ್ದರೆ ಅವಳ ಗಂಡನಿಗೂ ಪರೀಕ್ಷೆ ಆಗಬೇಕು. ಇಬ್ಬರಿಗೂ ಇದ್ದರೆ, ಅವರು ಬಯಸಿದಲ್ಲಿ ಹೊಟ್ಟೆಯಲ್ಲಿರುವ ಮಗುವಿನ ಪರೀಕ್ಷೆಯನ್ನು ಸುಮಾರು 11ನೇ ವಾರದಿಂದಲೇ ಮಾಡಬಹುದು. ಎರಡು ತಿಂಗಳು ಅಂದಿರಿ, ಅವಳಿಗೆ ಇನ್ನೂ ಸಮಯ ಇದೆ.