ಮಲೆನಾಡಿನ ಸಣ್ಣ ಪ್ರೈಮರಿ ಶಾಲೇಲಿ ಒಂದು ಸೆಮಿಸ್ಟರ್ ಹೇಗಿರುತ್ತೆ?

ನಿಮ್ಮ ಪ್ರಶ್ನೆ ನೋಡಿದೆ. ಡಿ.ಎಡ್ ಮುಗಿಯೋಕೆ ಬಂದಿದೆ, ಮುಂದೆ ಶಿವಮೊಗ್ಗದ ಆಚೆ ಮಲೆನಾಡು ಕಡೆ ಸಣ್ಣ ಶಾಲೆ ಸಿಕ್ರೆ ಒಂದು ಸೆಮಿಸ್ಟರ್ ಹೇಗಿರುತ್ತೆ, ಹದಿನೈದಿಪ್ಪತ್ತು ಮಕ್ಕಳು ಅಂದ್ರೆ ಕೆಲಸ ಆರಾಮಲ್ವಾ ಅಂತ ಕೇಳಿದೀರ. ಆರಾಮಲ್ಲ. ಇಷ್ಟು ಹೇಳಿ ಸುಮ್ನಾಗಬಹುದಿತ್ತು, ಆದ್ರೆ ಈಗಷ್ಟೇ ಮೊದಲ ಸೆಮಿಸ್ಟರ್ ಮುಗಿಸಿ, ದೀಪಾವಳಿ ಕಳೆದು ಮತ್ತೆ ಶಾಲೆ ಶುರುವಾಗಿದೆ, ತಲೆ ತುಂಬಾ ಅದೇ ಓಡ್ತಾ ಇದೆ, ಹಂಗಾಗಿ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ನಾನು ಚಳ್ಳಕೆರೆ ಕಡೆಯವಳು. ಕೆಲಸಕ್ಕೆ ಸೇರಿ ಹನ್ನೊಂದು ವರ್ಷ ಆಯ್ತು, ವರ್ಗಾವಣೆ ತಗೊಂಡು ಸಾಗರ ತಾಲೂಕಿಗೆ ಬಂದು ನಾಲ್ಕು. ಒಂದರಿಂದ ಐದನೇ ಕ್ಲಾಸು, 18 ಮಕ್ಕಳು, ಹೆಡ್ ಮಾಸ್ಟ್ರು ಮತ್ತೆ ನಾನು, ಇಬ್ಬರೇ. ಒಂದು ಎರಡು ಮೂರು ಸೇರಿಸಿ ನಲಿ-ಕಲಿ (ಮೂರೂ ಕ್ಲಾಸಿನವರನ್ನ ಒಟ್ಟಿಗೆ ಕೂರಿಸಿ ಕಾರ್ಡು, ಚಟುವಟಿಕೇಲಿ ಕಲಿಸೋ ಪದ್ಧತಿ) ನನ್ನದು, ನಾಲ್ಕು ಐದು ಅವರದ್ದು. ಅವರು ಮೀಟಿಂಗು, ಅಕ್ಕಿ ಲೆಕ್ಕ, ಆನ್‌ಲೈನ್ ಎಂಟ್ರಿ ಅಂತ ಹೋದ ದಿನ ಐದೂ ಕ್ಲಾಸು ನನ್ನದೇ. ವಾರಕ್ಕೆ ಒಂದು ದಿನ ಆದ್ರೂ ಹಂಗಾಗುತ್ತೆ ಅಂತ ಇಟ್ಕೊಳ್ಳಿ.

ಇಲ್ಲಿ ಮೊದಲ ಸೆಮಿಸ್ಟರ್ ಅಂದ್ರೆ ಮಳೆ, ಅಷ್ಟೇ. ಈ ವರ್ಷ, ಅಂದ್ರೆ 2025ರಲ್ಲಿ, ಮೇ 29ಕ್ಕೆ ಶಾಲೆ ಶುರುವಾಗಿ ಸೆಪ್ಟೆಂಬರ್ 19ಕ್ಕೆ ಮುಗೀತು, ಅದ್ರಲ್ಲಿ ನೆಲ ಒಣಗಿದ್ದು ಎಷ್ಟು ದಿನ ಅಂತ ಬೆರಳಲ್ಲಿ ಎಣಿಸಬಹುದು. ನಮ್ಮ ಒಂದು ಕೋಣೆಗೆ ಹೆಂಚು, ಇನ್ನೊಂದಕ್ಕೆ ಶೀಟು. ಶೀಟಿನ ಕೋಣೇಲಿ ಮಳೆ ಜೋರಾದ್ರೆ ಪಾಠ ನಿಲ್ಲಿಸಿ ಬೋರ್ಡ್ ಮೇಲೆ ಬರೆದು ತೋರಿಸೋದೊಂದೇ ದಾರಿ, ಕೂಗಿದ್ರೂ ಮೂರನೇ ಸಾಲಿಗೆ ಕೇಳಲ್ಲ. ಮಳೆ ರಜೆ ಮೆಸೇಜು ಬೆಳಿಗ್ಗೆ ಬೆಳಿಗ್ಗೆ ಬರುತ್ತೆ, ನಮಗೆ ವಾಟ್ಸಾಪಲ್ಲಿ ಗೊತ್ತಾಗುತ್ತೆ, ಆದ್ರೆ ನೆಟ್‌ವರ್ಕ್ ಇಲ್ಲದ ಮನೆ ಮಕ್ಕಳು ಅಷ್ಟೊತ್ತಿಗೆ ಅರ್ಧ ದಾರಿ ನಡೆದಿರ್ತಾರೆ, ಅದಕ್ಕೇ ರಜೆ ಇದ್ರೂ ನಮ್ಮಿಬ್ಬರಲ್ಲಿ ಒಬ್ಬರು ಹೋಗಿ ಜಗಲಿ ಮೇಲೆ ಕೂತಿರಬೇಕು. ಆಮೇಲೆ ಆ ರಜೆಗಳನ್ನೆಲ್ಲ ಶನಿವಾರ ಪೂರ್ತಿ ದಿನ ಮಾಡಿ ತೀರಿಸೋದು. ಉಂಬಳದ (ರಕ್ತ ಹೀರೋ ಜಿಗಣೆ) ಬಗ್ಗೆ ಹೇಳಿ ಹೆದರಿಸಲ್ಲ, ಒಂದು ಸಣ್ಣ ಡಬ್ಬೀಲಿ ಉಪ್ಪು ಇಟ್ಕೊಳ್ಳಿ ಸಾಕು. ಮೊದಲ ವರ್ಷ ನಾನು ಕಿರುಚಿದ್ದಕ್ಕೆ ಒಂದನೇ ಕ್ಲಾಸಿನ ಮಗು ಬಂದು ಕಾಲಿಂದ ಕಿತ್ತು ಹಾಕಿ, ಏನೂ ಆಗಿಲ್ಲ ಅನ್ನೋ ಥರ ಹೋಗಿ ಕೂತ್ಕೊಂಡಿತ್ತು.

ನಲಿ-ಕಲಿ ಕೋಣೇಲಿ ಹವಾಮಾನ ನಕ್ಷೆ ಇರುತ್ತಲ್ಲ, ನೀವೂ ನೋಡಿರ್ತೀರ, ದಿನಾ ಒಂದು ಮಗು ಎದ್ದು ಹೋಗಿ ಇವತ್ತು ಬಿಸಿಲೋ ಮೋಡವೋ ಮಳೆಯೋ ಅಂತ ಗುರುತು ಹಾಕಬೇಕು. ಜೂನ್ ಎರಡನೇ ವಾರದಿಂದ ಸಾಲಾಗಿ ಮಳೆ ಮಳೆ ಮಳೆ. ಜುಲೈ ಮಧ್ಯದಲ್ಲಿ ಎರಡನೇ ಕ್ಲಾಸಿನ ಹುಡುಗ ಒಬ್ಬ ಸೀಮೆಸುಣ್ಣ ಹಿಡ್ಕೊಂಡು ನಿಂತೇ ಇದ್ದ. ಯಾಕೋ ಅಂದ್ರೆ 'ಇದ್ರಲ್ಲಿ ಒಂದೇ ಮಳೆ ಐತೆ ಟೀಚರ್' ಅಂದ. ನಿಜ ಅಲ್ವಾ. ಅವತ್ತು ಮಕ್ಕಳೇ ಸೇರಿ ಹೊಸ ಗುರುತು ಮಾಡಿದ್ರು. ಸೋನೆಗೆ ಚುಕ್ಕಿ, ಜಡಿಮಳೆಗೆ ಉದ್ದ ಗೆರೆ, ಗಾಳಿಮಳೆಗೆ ಓರೆ ಗೆರೆ, ಮಳೆ ನಿಂತು ಒಂದು ಗಳಿಗೆ ಹೊಳವಾದ್ರೆ ಸಣ್ಣ ಸೊನ್ನೆ. ಅಜ್ಜಿ ಹತ್ರ ಕೇಳ್ಕೊಂಡು ಬಂದು ಇದು ಪುನರ್ವಸು, ನಾಡಿದ್ದಿಂದ ಪುಷ್ಯ ಅಂತ ಪಕ್ಕದಲ್ಲಿ ಬರೆಸಿದ್ರು. ಪುಷ್ಯ ಅನ್ನೋ ಪದದಲ್ಲಿ ಒತ್ತಕ್ಷರ ಇದೆ, ಅದನ್ನ ಕಲಿಸೋಕೆ ನಾನು ಬೇರೆ ಕಾರ್ಡೇ ತೆಗೀಲಿಲ್ಲ. ಸೆಪ್ಟೆಂಬರಲ್ಲಿ ಉತ್ತರೆ ಬರೋ ಹೊತ್ತಿಗೆ ನಕ್ಷೆ ತುಂಬಾ ಸೊನ್ನೆಗಳು.

ಊಟದ ವಿಷಯ ಬೇಗ ಹೇಳಿ ಮುಗಿಸ್ತೀನಿ. ಶಾಲೇಲಿ ಹಾಲು ಕೊಡೋದು 2013ರಿಂದಲೇ ಇದೆ, ನಾನು ಸೇರಿದಾಗ ಮೊಟ್ಟೆ ಇರ್ಲಿಲ್ಲ, 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಆಗಿದೆ, ಬೇಡ ಅನ್ನೋರಿಗೆ ಬಾಳೆಹಣ್ಣು. ಮೊಟ್ಟೆ ಟ್ರೇ ತರೋದು ಹೆಡ್ ಮಾಸ್ಟ್ರ ಸ್ಕೂಟರ್ ಮೇಲೆ, ನಮ್ಮ ಘಾಟಿ ರಸ್ತೇಲಿ ಎರಡು ಮೂರಾದ್ರೂ ಒಡೆಯುತ್ತೆ, ಆ ದುಡ್ಡು ಅವರ ಜೇಬಿಂದಲೇ. ಬಾಳೆಹಣ್ಣಿನ ಪಟ್ಟೀಲಿರೋ ನಾಲ್ಕನೇ ಕ್ಲಾಸಿನ ಹುಡುಗ ಒಬ್ಬ ದಿನಾ ಅಡುಗೆ ಅಕ್ಕನ ಪಕ್ಕ ಕೂತು ಎಲ್ಲರ ಮೊಟ್ಟೆ ಸುಲಿದು ಕೊಡ್ತಾನೆ. ಎಷ್ಟು ನೀಟಾಗಿ ಅಂದ್ರೆ ಒಂದು ಗೀರು ಇರಲ್ಲ. ಆಮೇಲೆ ಕೈ ತೊಳ್ಕೊಂಡು ತನ್ನ ಬಾಳೆಹಣ್ಣು ತಿಂತಾನೆ. ಒಂದು ದಿನವೂ ಬೇಕು ಅಂದಿಲ್ಲ, ನಾನೂ ಕೇಳಿಲ್ಲ.

ಪರೀಕ್ಷೆಗೆ ಬರೋಣ. ದಸರಾ ರಜೆಗೆ ಮುಂಚೆ ಎಸ್‌ಎ ಒಂದು, ಅಂದ್ರೆ ಮೊದಲ ಸೆಮಿಸ್ಟರ್ ಕೊನೆ ಪರೀಕ್ಷೆ, ಆಯ್ತು. ಪರಿಸರ ಅಧ್ಯಯನದಲ್ಲಿ ನೀರು ಉಳಿಸೋಕೆ ಎರಡು ದಾರಿ ಬರೀರಿ ಅಂತ ನಾಲ್ಕನೇ ಕ್ಲಾಸಿಗೆ ಕೇಳಿದ್ವಿ. ಒಬ್ಬಳು ಬರೆದಿದ್ದು: 'ನಮ್ಮ ಮನೆಗೆ ಅಬ್ಬಿ ನೀರು ಬರುತ್ತದೆ. ಅದು ನಿಲ್ಲುವುದಿಲ್ಲ. ಉಳಿಸಲು ಆಗುವುದಿಲ್ಲ.' ಗುಡ್ಡದ ಮೇಲಿನ ಒರತೆ ನೀರು ಪೈಪಲ್ಲಿ ತಾನಾಗೇ ಇಳಿದು ಹಿತ್ತಲ ತೊಟ್ಟಿಗೆ ಬೀಳುತ್ತೆ, ನಲ್ಲಿ ಇಲ್ಲ, ತಿರುಗಿಸೋದು ಇಲ್ಲ, ಹಗಲು ರಾತ್ರಿ ಬೀಳ್ತಾನೇ ಇರುತ್ತೆ. ನಾನು ಚಳ್ಳಕೆರೇಲಿ ಬಿಂದಿಗೆ ಲೆಕ್ಕದಲ್ಲಿ ನೀರು ಕಂಡವಳು, ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಮಾರ್ಕ್ಸ್ ಕೊಡಬೇಕೋ ಬೇಡವೋ ಅಂತ ನಾನೂ ಹೆಡ್ ಮಾಸ್ಟ್ರೂ ಹತ್ತು ನಿಮಿಷ ವಾದ ಮಾಡಿದ್ವಿ. ಅವರು ಸೊನ್ನೆ ಅಂದ್ರು, ನಾನು ಅರ್ಧ ಅಂದೆ. ಅರ್ಧ ಕೊಟ್ವಿ. ಏಪ್ರಿಲಲ್ಲಿ ಅಬ್ಬಿ ದಾರದಷ್ಟು ಸಣ್ಣಗಾಗುತ್ತೆ, ಆಗ ಅದೇ ಪ್ರಶ್ನೆ ಮತ್ತೆ ಕೇಳ್ತೀನಿ.

ಈಗ ನಿಜವಾಗಿ ಹೇಳಬೇಕು ಅನ್ಕೊಂಡಿದ್ದು. ನಾನು ಈ ಸೆಮಿಸ್ಟರ್ ಮಾಡಿದ ದೊಡ್ಡ ತಪ್ಪು, ಯಾರಿಗೂ ಹೇಳಿಲ್ಲ, ಇಲ್ಲಿ ಬರೀತಿದೀನಿ.

ಮೂರನೇ ಕ್ಲಾಸಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಮಾತು ಕಡಿಮೆ. ಬರೆಯೋಕೆ ಕೊಟ್ರೆ ಅಕ್ಷರ ಗೆರೆ ಬಿಟ್ಟು ಹೊರಗೆ ಹೋಗುತ್ತೆ, ಒಂದು ಅಕ್ಷರ ಹುಣಸೆಹಣ್ಣಿನಷ್ಟು, ಇನ್ನೊಂದು ಸಾಸಿವೆಯಷ್ಟು. ಕೈಗೆ ಹಿಡಿತ ಬಂದಿಲ್ಲ ಅಂತ ನಾನು ತೀರ್ಮಾನ ಮಾಡ್ಕೊಂಡೆ, ರಿಜಿಸ್ಟರಲ್ಲೂ ಹಂಗೇ ಬರೆದೆ, ಒಂದನೇ ಕ್ಲಾಸಿನವರ ಜೊತೆ ಕೂರಿಸಿ ಜೂನಿಂದ ಸೆಪ್ಟೆಂಬರ್ ತನಕ ಗೆರೆ ತಿದ್ದಿಸಿದೆ. ನಿಂತ ಗೆರೆ, ಮಲಗಿದ ಗೆರೆ, ಡೊಂಕು ಗೆರೆ, ಮತ್ತೆ ನಿಂತ ಗೆರೆ. ಅವಳು ತುಟಿ ಬಿಚ್ಚದೆ ತಿದ್ದಿದಳು. ರಜೆಗೆ ಮುಂಚೆ ಪೋಷಕರ ಸಭೇಲಿ ಅವರ ಅಮ್ಮನಿಗೆ 'ಇವಳಿಗೆ ಬರೆಯೋಕೆ ಬರಲ್ಲಮ್ಮ, ಮನೇಲಿ ಸ್ವಲ್ಪ ನೋಡ್ಕೊಳ್ಳಿ' ಅಂದೆ. ಅವರು ಆಯ್ತು ಟೀಚರ್ ಅಂದು ಹೋದ್ರು.

ಆಮೇಲೆ ಸೆಪ್ಟೆಂಬರ್ 22ರಿಂದ ರಾಜ್ಯದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ಶುರುವಾಯ್ತು, ಗಣತಿಗೆ ನಾವು ಟೀಚರ್‌ಗಳು. ದಸರಾ ರಜೆ ಪೂರ್ತಿ ಅದಕ್ಕೇ, ಅದು ಸಾಲದೆ ಅಕ್ಟೋಬರ್ 18ರ ತನಕ ಮುಂದಕ್ಕೂ ಹೋಯ್ತು. ರಜೆ ಹೋಯ್ತಲ್ಲ ಅಂತ ನನಗೂ ಬೇಜಾರಿತ್ತು, ಊರಿಗೆ ಹೋಗಿ ಅಮ್ಮನ ಹತ್ರ ನಾಲ್ಕು ದಿನ ಇರೋಣ ಅನ್ಕೊಂಡಿದ್ದೆ. ನನಗೆ ಸಿಕ್ಕಿದ ಮನೆಗಳಲ್ಲಿ ಅರ್ಧ ನಮ್ಮ ಶಾಲೆ ಮಕ್ಕಳದ್ದೇ. ಮಲೆನಾಡಲ್ಲಿ ಊರು ಅಂದ್ರೆ ಒಂದೇ ಕಡೆ ಇರಲ್ಲ ನೋಡಿ, ಗುಡ್ಡದ ಈ ಮಗ್ಗುಲಲ್ಲಿ ಎರಡು ಮನೆ, ಗದ್ದೆ ದಾಟಿ ಒಂದು, ಹಳ್ಳ ದಾಟಿ ಮೂರು. ಕರೆಂಟ್ ಮೀಟರ್ ಹತ್ರ ಅಂಟಿಸಿದ ಸಮೀಕ್ಷೆ ಸ್ಟಿಕರ್ ಹುಡುಕ್ಕೊಂಡು, 60 ಪ್ರಶ್ನೆ ಕೇಳಿ, ಒಟಿಪಿ ಬರೋಕೆ ಮನೆಯವರನ್ನೂ ಕರ್ಕೊಂಡು ನೆಟ್‌ವರ್ಕ್ ಸಿಗೋ ಗುಡ್ಡ ಹತ್ತಿ, ದಿನಕ್ಕೆ ಐದು ಮನೆ ಮುಗಿದ್ರೆ ಪುಣ್ಯ. ಹಳ್ಳದ ಮೇಲೆ ಅಡಿಕೆ ಮರ ಹಾಕಿ ಮಾಡಿದ ಕಾಲುಸಂಕ ದಾಟೋವಾಗ ನಾನು ಕೂತ್ಕೊಂಡು ತೆವಳಿದ್ದನ್ನ ಮಕ್ಕಳು ನೋಡಿ, ಈಗ ಶಾಲೆಗೆಲ್ಲ ಗೊತ್ತು.

ಆ ಹುಡುಗಿ ಮನೆಗೆ ಹೋದಾಗ ಅಕ್ಟೋಬರ್ ಮೊದಲ ವಾರ, ಭೂಮಿ ಹುಣ್ಣಿಮೆಗೆ ಎರಡೇ ದಿನ ಇತ್ತು. ನಿಮಗೆ ಗೊತ್ತಿಲ್ಲದಿದ್ರೆ, ಈ ಕಡೆ ಗದ್ದೇಲಿ ಭತ್ತ ಹೊಡೆಯಾಗೋ, ಅಂದ್ರೆ ತೆನೆ ಮೂಡೋ ಹೊತ್ತಿಗೆ ಭೂಮಿಗೆ ಬಸುರಿ ಬಯಕೆ ಅಂತ ಅಡುಗೆ ಮಾಡಿ ಬುಟ್ಟೀಲಿ ಹೊತ್ಕೊಂಡು ಹೋಗಿ ಬೆಳಕು ಹರಿಯೋಕೆ ಮುಂಚೆ ಗದ್ದೆಗೆ ಬೀರ್ತಾರೆ. ಆ ಬುಟ್ಟಿಗೆ ಭೂಮಣ್ಣಿ ಬುಟ್ಟಿ ಅಂತಾರೆ. ಸಗಣಿ, ಕೆಮ್ಮಣ್ಣು ಬಳಿದು ಒಣಗಿಸಿ ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೇಲಿ ಚಿತ್ತಾರ. ದೀವರು ಅಂತ ಈ ಕಡೆಯ ಸಮುದಾಯ, ಅವರ ಮನೆಗಳಲ್ಲಿ ಇದು ದೊಡ್ಡ ವಿದ್ಯೆ.

ಜಗಲಿ ಮೇಲೆ ಅಜ್ಜಿ ಕಾಲು ಚಾಚಿ ಕೂತಿದ್ರು, ಮಡಿಲ ಹತ್ರ ಬುಟ್ಟಿ, ಅದರ ಆ ಕಡೆ ಈ ಹುಡುಗಿ. ಕೈಯಲ್ಲಿ ಪುಂಡಿ ನಾರಿನ ಕುಂಚ, ಒಂದೆಳೆ ದಾರದಷ್ಟು ತೆಳು. ಬುಟ್ಟಿ ಉರುಟು, ಬಿದಿರಿನ ಹೆಣಿಗೆ ಏರು ತಗ್ಗು, ಅದರ ಮೇಲೆ ಅವಳು ಗೆರೆ ಎಳೀತಾ ಇದ್ದಾಳೆ, ಉಸಿರು ಬಿಗಿ ಹಿಡಿದು, ಬುಟ್ಟೀನ ಎಡಗೈಯಲ್ಲಿ ಒಂದೊಂದೇ ಬೆರಳಗಲ ತಿರುಗಿಸ್ತಾ. ಒಂದು ಗೆರೆ ಪಕ್ಕ ಇನ್ನೊಂದು, ಮಧ್ಯೆ ಎಳ್ಳು ಕಾಳಿನಷ್ಟು ಜಾಗ, ಸುತ್ತು ಬಂದು ಶುರು ಮಾಡಿದ ಕಡೆಗೇ ಸರಿಯಾಗಿ ಸೇರ್ತು. ನಾನು ಚಾಪೆ ಮೇಲೆ ಕೂತು ಮೊಬೈಲ್ ಹಿಡ್ಕೊಂಡು ಆಪ್ ಓಪನ್ ಮಾಡೋದನ್ನೇ ಮರೆತೆ.

ಅವರ ಅಮ್ಮ ನೀರು ಬೆಲ್ಲ ತಂದಿಟ್ಟು 'ಈ ಸಲದ್ದು ಪೂರಾ ಇವಳೇ ಬರೆದಿದ್ದು ಟೀಚರ್' ಅಂದ್ರು. ಇಲ್ಲಿ ಚಿತ್ತಾರ ಬಿಡಿಸೋದು ಅನ್ನಲ್ಲ, ಬರೆಯೋದು ಅಂತಾರೆ. ಅವರು ಚುಚ್ಚಿ ಹೇಳಿದ್ದಲ್ಲ, ನಾನು ಸಭೇಲಿ ಹೇಳಿದ್ದು ನೆನಪಿತ್ತೋ ಇಲ್ವೋ ಅದೂ ಗೊತ್ತಿಲ್ಲ. ಅಜ್ಜಿ ಮಾತ್ರ ನನ್ನನ್ನೇ ನೋಡಿ 'ಅಕ್ಕೋರೆ, ನೀವೂ ಒಂದ್ ಗೆರೆ ಎಳೀರಿ' ಅಂತ ಕುಂಚ ಕೊಟ್ರು. ಎಳೆದೆ. ನನ್ನ ಗೆರೆ ಮಳೆ ನೀರು ಹರಿದ ಹಾಗೆ ಹೋಯ್ತು. ಹುಡುಗಿ ಒದ್ದೆ ಬಟ್ಟೇಲಿ ಅದನ್ನ ಒರೆಸಿ, ಕೆಮ್ಮಣ್ಣು ಹಚ್ಚಿ, ಒಣಗಲಿ ಅಂತ ಬುಟ್ಟಿ ಆ ಕಡೆ ತಿರುಗಿಸಿಟ್ಟಳು. ಏನೂ ಮಾತಾಡಲಿಲ್ಲ.

ಇಷ್ಟು ಓದಿ 'ಆಹಾ, ಪ್ರತಿ ಮಗುವಲ್ಲೂ ಪ್ರತಿಭೆ' ಅಂತ ನೀವು ಅನ್ಕೋಬಹುದು, ಟ್ರೈನಿಂಗಲ್ಲಿ ಅದನ್ನೇ ಹೇಳಿ ಕೊಡ್ತಾರೆ. ನನಗೆ ಅವತ್ತು ರಾತ್ರಿ ನಿದ್ದೆ ಬರದಿದ್ದು ಅದಕ್ಕಲ್ಲ. ಅವಳ ಕೈಯಲ್ಲಿ ಏನೂ ತೊಂದ್ರೆ ಇರ್ಲಿಲ್ಲ, ನಾನು ನಾಲ್ಕು ತಿಂಗಳು ತಿದ್ದಿಸಿದ್ದು ಅವಳಿಗೆ ಐದು ವರ್ಷಕ್ಕೇ ಬಂದಿದ್ದ ವಿದ್ಯೇನ. ಅಕ್ಷರ ವಕ್ರ ಆಗ್ತಿದ್ದದ್ದು ಯಾಕೆ ಅಂದ್ರೆ ಯಾವ ಅಕ್ಷರ ಬರೀಬೇಕು ಅಂತಲೇ ಅವಳಿಗೆ ಗೊತ್ತಾಗ್ತಿರ್ಲಿಲ್ಲ, ಅಂದಾಜಲ್ಲಿ ಗೀಚ್ತಿದ್ಲು. ತೊಂದ್ರೆ ಓದೋದ್ರಲ್ಲಿತ್ತು, ನಾನು ಔಷಧಿ ಹಚ್ಚಿದ್ದು ಕೈಗೆ. ಜೂನಲ್ಲೇ ಪಕ್ಕ ಕೂರಿಸ್ಕೊಂಡು ಹತ್ತು ಅಕ್ಷರ ಓದ್ಸಿದ್ರೆ ಗೊತ್ತಾಗಿರೋದು. 18 ಮಕ್ಕಳಲ್ಲಿ ಒಬ್ಬಳನ್ನ ನೋಡೋಕೆ ನನಗೆ ಟೈಮ್ ಸಿಗಲಿಲ್ಲ ಅಂತ ಹೇಳೋಕೆ ನಾಚಿಕೆ ಆಗುತ್ತೆ, ಅದಕ್ಕೇ ಮಕ್ಕಳು ಕಡಿಮೆ ಇದ್ರೆ ಆರಾಮಲ್ವಾ ಅನ್ನೋ ನಿಮ್ಮ ಪ್ರಶ್ನೆ ನನಗೆ ಸ್ವಲ್ಪ ತಾಗಿತು.

ಈಗ ಶಾಲೆ ಶುರುವಾದ ಮೇಲೆ ಅವಳನ್ನ ಒಂದನೇ ಕ್ಲಾಸಿನ ಗುಂಪಿಂದ ಎಬ್ಬಿಸಿದೀನಿ. ದಿನಾ ಊಟ ಆದ್ಮೇಲೆ ಇಪ್ಪತ್ತು ನಿಮಿಷ, ನಾನು ಅವಳು ಇಬ್ಬರೇ, ಅಕ್ಷರದ ಕಾರ್ಡು. ಪವಾಡ ಏನೂ ಆಗಿಲ್ಲ. ಕಾಗುಣಿತದಲ್ಲಿ ಇನ್ನೂ ಎಡವುತ್ತಾಳೆ, ಒತ್ತಕ್ಷರ ಬಂದ್ರೆ ಅಕ್ಷರ ಬಿಟ್ಟು ನನ್ನ ಮುಖ ನೋಡ್ತಾಳೆ. 'ಗೆರೆ' ಅನ್ನೋದು ಮಾತ್ರ ಮೊನ್ನೆ ತಾನಾಗೇ ಓದಿದ್ಲು.

ಮಕ್ಕಳ ಸಂಖ್ಯೆ ಬಗ್ಗೆ ಒಂದು ಮಾತು, ನೀವು ಬಂದ ಮೇಲೆ ದಿನಾ ಕೇಳೋ ವಿಷಯ ಅದು. ಹಳದಿ ವ್ಯಾನು ನಮ್ಮ ಕ್ರಾಸ್ ತನಕ ಬರುತ್ತೆ, ಇಂಗ್ಲಿಷ್ ಮೀಡಿಯಂಗೆ ಈ ವರ್ಷ ಇಬ್ಬರು ಹೋದ್ರು. ತಂದೆ ತಾಯಿ ತಪ್ಪು ಅಂತ ನಾನು ಹೇಳಲ್ಲ, ನನ್ನ ಮಗನೂ ಇಂಗ್ಲಿಷ್ ಮೀಡಿಯಂನಲ್ಲೇ ಓದ್ತಿದಾನೆ, ಯಾವ ಬಾಯಲ್ಲಿ ಹೇಳ್ಲಿ. ಆದ್ರೆ ದೊಡ್ಡ ಶಾಲೇಲಿ ಇಬ್ಬರು ಹೋದ್ರೆ ಯಾರಿಗೂ ಗೊತ್ತಾಗಲ್ಲ, ಇಲ್ಲಿ ಕಬಡ್ಡಿ ಟೀಮೇ ಆಗಲ್ಲ.

ಎರಡನೇ ಸೆಮಿಸ್ಟರ್ ಬೇರೆ ಥರ. ಮಳೆ ಹೋಯ್ತು ಅಂದ್ರೆ ಅಡಿಕೆ ಕೊನೆ ಕೊಯ್ಲು, ಮನೆಮನೇಲಿ ರಾತ್ರಿ ಸುಲಿಯೋ ಕೆಲಸ, ಬೆಳಿಗ್ಗೆ ಮಕ್ಕಳ ಕಣ್ಣು ಕೆಂಪಗೆ, ಬೆರಳ ತುದಿ ಕಪ್ಪಗೆ. ಬೈಯೋಕೆ ಹೋಗಬೇಡಿ. ಡಿಸೆಂಬರ್ ಮೇಲೆ ಮಂಗನ ಕಾಯಿಲೆ ಭಯ ಬೇರೆ, ಅದು ಮೊದಲು ಕಂಡಿದ್ದೇ ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರಲ್ಲಿ, 1957ರಲ್ಲಿ. ಎಲ್ಲಾದ್ರೂ ಮಂಗ ಸತ್ತು ಬಿದ್ದಿದ್ರೆ ಮಕ್ಕಳೇ ಮೊದಲು ನೋಡೋದು, ಹತ್ರ ಹೋಗಬೇಡಿ ಬಂದು ಹೇಳಿ ಅಂತ ಈಗಿಂದಲೇ ದಿನಾ ಹೇಳ್ತಾ ಇರಬೇಕು.

ಬರೋದಾದ್ರೆ ಮಡಚೋ ಛತ್ರಿ ತರಬೇಡಿ, ಒಂದೇ ಗಾಳಿಗೆ ಮುರಿಯುತ್ತೆ, ಉದ್ದದ್ದೇ ತನ್ನಿ. ಬಟ್ಟೆ ಒಣಗಿಸೋಕೆ ಬಚ್ಚಲೊಲೆ ಇರೋ ಬಾಡಿಗೆ ಮನೆ ನೋಡಿ. ಮೊದಲ ತಿಂಗಳಲ್ಲೇ, ಮಳೆ ಹಿಡ್ಕೊಳ್ಳೋಕೆ ಮುಂಚೆ, ಎಲ್ಲಾ ಮಕ್ಕಳ ಮನೆಗೂ ಒಂದು ಸಲ ನಡ್ಕೊಂಡು ಹೋಗಿ ಬನ್ನಿ, ನನ್ನ ಹಾಗೆ ಗಣತಿ ಬರೋ ತನಕ ಕಾಯಬೇಡಿ. ನನ್ನ ಊಟದ ಬಿಡುವು ಮುಗೀತು, ಬಾಗಿಲ ಹತ್ರ ಕಾರ್ಡಿನ ಡಬ್ಬಿ ಹಿಡ್ಕೊಂಡು ನಿಂತಿದಾಳೆ. ಮಿಕ್ಕಿದ್ದು ಏನಾದ್ರೂ ಕೇಳೋದಿದ್ರೆ ಕೇಳಿ, ಸಂಜೆ ನೆಟ್‌ವರ್ಕ್ ಸಿಕ್ಕಾಗ ಉತ್ತರ ಬರೀತೀನಿ.