ನಡೆದು ಮುಗಿದ ಮೇಲೆ ಉಳಿದ ಆರು ದಿನ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ನಾನು ಆಪ್ತಸಲಹೆಗಾರ್ತಿ. ಫೋನ್ ಬಂದದ್ದು ಸ್ಪೇನಿನ ಸ್ಯಾಂಟಿಯಾಗೊ ದೆ ಕಾಂಪೊಸ್ತೆಲಾದಿಂದ. ಐವತ್ತು ದಾಟಿದ ಹೆಂಗಸು. ಹೆಸರು ಬೇಡ, ಇಲ್ಲಿ ಅಕ್ಕ ಅಂತಲೇ ಬರೆಯುತ್ತೇನೆ. ಫ್ರಾನ್ಸಿನ ಸ್ಯಾಂ ಜಾನ್ ಪಿಯೆ ದ ಪೋರ್‌ನಿಂದ ಹೊರಟು, ಬೆಟ್ಟ ದಾಟಿ, ಸುಮಾರು 780 ಕಿ.ಮೀ. ನಡೆದು ಕಮಿನೊ ಯಾತ್ರೆ, ಅಂದರೆ ಸ್ಯಾಂಟಿಯಾಗೊದ ದೊಡ್ಡ ಚರ್ಚಿಗೆ ನಡೆದು ಹೋಗುವ ಹಳೆಯ ಕ್ರೈಸ್ತ ಯಾತ್ರೆ, ಮುಗಿಸಿದ್ದರು. 36 ದಿನ ಬೇಕು ಅಂತ ಲೆಕ್ಕ ಹಾಕಿದ್ದರು, 31 ದಿನಕ್ಕೇ ಮುಗಿಯಿತು. ವಿಮಾನಕ್ಕೆ ಇನ್ನೂ ಆರು ದಿನ ಇತ್ತು.

"ಏನ್ ಮಾಡ್ಬೇಕೋ ಗೊತ್ತಾಗ್ತಿಲ್ಲ ಮೇಡಂ. ಖುಷಿ ಆಗ್ಬೇಕಿತ್ತು ಅಲ್ವಾ?"

ಸ್ಯಾಂಟಿಯಾಗೊ ಸೇರಿದ ದಿನ ಎಲ್ಲರ ಹಾಗೆ ಚರ್ಚಿನ ಎದುರಿನ ಒಬ್ರದೊಯ್ರೊ ಚೌಕದ ಕಲ್ಲುಹಾಸಿನ ಮೇಲೆ ಕೂತು ಚರ್ಚಿನ ಗೋಪುರ ನೋಡಿದರಂತೆ. ಯಾತ್ರಿಗಳ ಕಚೇರಿಯಲ್ಲಿ ಸಾಲು ನಿಂತು, ಯಾತ್ರೆ ಮುಗಿಸಿದವರಿಗೆ ಕೊಡುವ ಕಾಂಪೊಸ್ತೆಲಾ ಪತ್ರ ತೆಗೆದುಕೊಂಡರು. ಹೊರಗೆ ಬಂದಾಗ ಮಧ್ಯಾಹ್ನ. ಜೊತೆಗೆ ನಡೆದವರು ಒಬ್ಬೊಬ್ಬರಾಗಿ ಬಸ್ಸು, ರೈಲು ಹತ್ತಿ ಹೋದರು. ಸಂಜೆಗೆ ಅಳು ಬಂತು.

ಇಲ್ಲಿ ನನ್ನದೊಂದು ತಪ್ಪಾಯಿತು. ಮೈ ದಣಿದಿದೆ, ಎರಡು ದಿನ ಪೂರ್ತಿ ಮಲಗಿ, ಏನೂ ಮಾಡಬೇಡಿ ಅಂದುಬಿಟ್ಟೆ. ಅವರು ಹಾಗೇ ಮಾಡಿದರು. ಎರಡು ದಿನ ಬಿಟ್ಟು ಮತ್ತೆ ಫೋನ್ ಬಂತು, ದನಿ ಇನ್ನೂ ಕುಗ್ಗಿತ್ತು. ಬೆಳಿಗ್ಗೆ ಐದಕ್ಕೆ ತಾನಾಗಿಯೇ ಎಚ್ಚರ ಆಗುತ್ತಂತೆ. ಎದ್ದು ಬ್ಯಾಗ್ ಕಟ್ಟುತ್ತಾರಂತೆ. ಕಟ್ಟಿ ಮುಗಿದ ಮೇಲೆ ಹೋಗುವ ಜಾಗ ಇಲ್ಲ ಅಂತ ನೆನಪಾಗಿ ಬಿಚ್ಚುತ್ತಾರಂತೆ. ಎರಡು ದಿನವೂ ಇದೇ ಆಯಿತು.

ಬ್ಯಾಗಿನ ಈ ಕಥೆ ಕೇಳಿದ ಮೇಲೆ, ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ. ನಡೆಯೋಕೆ ಯಾಕೆ ಹೋದಿರಿ?

ತಾಯಿಯನ್ನು ಏಳು ವರ್ಷ ನೋಡಿಕೊಂಡವರು ಅವರು. ಹಾಸಿಗೆ ಹಿಡಿದಿದ್ದ ತಾಯಿ. ಮಾತ್ರೆಯ ಹೊತ್ತು, ಮಗ್ಗುಲು ಬದಲಿಸುವ ಹೊತ್ತು, ಗಂಜಿಯ ಹೊತ್ತು, ದಿನವೆಲ್ಲ ಇಂಥ ಹೊತ್ತುಗಳದ್ದೇ. ತಾಯಿ ಹೋದ ನಾಲ್ಕು ತಿಂಗಳಿಗೆ ಇವರು ಕಮಿನೊಗೆ ಹೊರಟರು. ಅಲ್ಲೂ ಹೊತ್ತುಗಳು ಇದ್ದವು. ಎದ್ದೇಳು, ದಾರಿ ತೋರಿಸುವ ಹಳದಿ ಬಾಣದ ಗುರುತು ಹುಡುಕು, ನಡೆ, ರಾತ್ರಿಗೆ ಮಲಗೋಕೆ ಜಾಗ ಹಿಡಿ. ದಾರಿಯ ಯಾತ್ರಿ ತಂಗುದಾಣಗಳಲ್ಲಿ ಸಾಮಾನ್ಯವಾಗಿ ಒಂದೇ ರಾತ್ರಿಗೆ ಜಾಗ, ಬೆಳಿಗ್ಗೆ ಎದ್ದು ಹೊರಡಲೇಬೇಕು. ಏನು ಮಾಡಲಿ ಅಂತ ಯೋಚಿಸುವ ಕೆಲಸವೇ ಇಲ್ಲ. ಸ್ಯಾಂಟಿಯಾಗೊದಲ್ಲಿ ಅವರಿಗೆ ಎದುರಾದದ್ದು ಹೊಸ ಖಾಲಿತನ ಅಲ್ಲ. ನಾಲ್ಕು ತಿಂಗಳು ಮನೆಯಲ್ಲಿ ಬಾಗಿಲು ತಟ್ಟುತ್ತಿದ್ದದ್ದೇ ಅದು, 780 ಕಿ.ಮೀ. ಹಿಂದೆ ಬಿದ್ದಿತ್ತು ಅಷ್ಟೆ.

"ಹಾಗಾದ್ರೆ ಫಿನಿಸ್ತೆರೆಗೂ ನಡ್ಕೊಂಡೇ ಹೋಗ್ಬಿಡ್ಲಾ?"

ಇದನ್ನು ತುಂಬ ಜನ ಕೇಳುತ್ತಾರೆ. ಸ್ಯಾಂಟಿಯಾಗೊದಿಂದ ಪಶ್ಚಿಮಕ್ಕೆ ಇನ್ನೂ 90 ಕಿ.ಮೀ. ಹೋದರೆ ಕಡಲ ದಡದ ಫಿನಿಸ್ತೆರೆ ಸಿಗುತ್ತದೆ. ಅಲ್ಲೊಂದು ಕಲ್ಲಿನ ಮೇಲೆ ಸೊನ್ನೆ ಕಿ.ಮೀ. ಅಂತ ಬರೆದಿದೆ. ಮೂರು ನಾಲ್ಕು ದಿನದ ನಡಿಗೆ, ಬಾಣದ ಗುರುತು ಅಲ್ಲಿವರೆಗೂ ಇದೆ. ಕಾಲು ಚೆನ್ನಾಗಿದ್ದು, ದಿನ ಕೈಯಲ್ಲಿದ್ದು, ಕಡಲು ನೋಡುವ ಆಸೆಯಿದ್ದರೆ ಖಂಡಿತ ಹೋಗಲಿ. ಇವರಿಗೆ ಬೇಕಾಗಿದ್ದದ್ದು ಕಡಲಲ್ಲ, ನಿಲ್ಲದೆ ಇರೋದು. ಮೇಲಾಗಿ ಎಡಗಾಲಿನ ಮುಂಗಾಲ ಮೂಳೆಯಲ್ಲಿ ಒಂದೇ ಜಾಗದಲ್ಲಿ, ಬೆರಳಿಟ್ಟು ಒತ್ತಿದರೆ ನೋವು. ದಿನಕ್ಕೆ 25 ಕಿ.ಮೀ. ನಡೆದ ಮೇಲೆ ಅಂಥ ನೋವನ್ನು ಸುಮ್ನೆ ಬಿಡಬಾರದು, ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು. ಮೊದಲು ಡಾಕ್ಟರ್‌ಗೆ ತೋರಿಸಿ ಅಂದೆ. ಬಿರುಕು ಇರಲಿಲ್ಲ, ಊತ ಮಾತ್ರ. ನಿಧಾನವಾಗಿ ಸ್ವಲ್ಪ ಸ್ವಲ್ಪ ನಡೆಯಬಹುದು ಅಂದರಂತೆ.

(ಒಂದೇ ಕಾಲಿನ ಮೀನಖಂಡ ಊದಿಕೊಂಡು, ಬಿಸಿಯಾಗಿ, ನೋಯುತ್ತಿದ್ದರೆ ವಿಮಾನ ಹತ್ತುವ ಮೊದಲೇ ಡಾಕ್ಟರನ್ನು ನೋಡಿ. ರಕ್ತ ಹೆಪ್ಪುಗಟ್ಟಿರಬಹುದು. ಆಪ್ತಸಲಹೆಯಲ್ಲಿ ಸರಿಹೋಗುವ ವಿಷಯ ಅಲ್ಲ ಅದು.)

ಅವರಿಗೆ ಹೇಳಿದ್ದು ಇಷ್ಟು. ಹಿಂದಿನ ಕಾಲದಲ್ಲಿ ಸ್ಯಾಂಟಿಯಾಗೊ ತಲುಪಿದರೆ ಯಾತ್ರೆ ಅರ್ಧ ಮುಗಿದ ಹಾಗೆ. ಬಸ್ಸಿಲ್ಲ, ವಿಮಾನ ಇಲ್ಲ, ಹೆಚ್ಚಿನವರು ವಾಪಸ್ ಮನೆಗೂ ನಡೆದೇ ಹೋಗಬೇಕು. ಹೋಗುವಾಗ ಕಟ್ಟಿಕೊಂಡದ್ದನ್ನು ಬರುವಾಗ ಬಿಚ್ಚಿಕೊಳ್ಳಲು ವಾರಗಟ್ಟಲೆ ಸಮಯ ಸಿಗುತ್ತಿತ್ತು. ಈಗ ಆ ಅರ್ಧ ದಾರಿಯೇ ಇಲ್ಲ. ಉಳಿದ ನಾಲ್ಕು ದಿನವನ್ನು ರಜೆ ಅಂದುಕೊಳ್ಳಬೇಡಿ, ವಾಪಸ್ ದಾರಿ ಅಂದುಕೊಳ್ಳಿ.

ಅದಕ್ಕೇ ಬೆಳಿಗ್ಗೆ ಐದಕ್ಕೆ ಎಚ್ಚರವಾದರೆ ಏಳಿ ಅಂದೆ, ನಿದ್ದೆ ಬರಿಸಿಕೊಳ್ಳಲು ಒದ್ದಾಡಬೇಡಿ. ಬ್ಯಾಗ್ ಬಿಟ್ಟು, ನೀರಿನ ಬಾಟಲ್ ಮಾತ್ರ ಹಿಡಿದು, ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯಿರಿ. ಐದು ಕಿ.ಮೀ. ದೂರದಲ್ಲಿ ಮೊಂತೆ ದೊ ಗೊಸೊ ಗುಡ್ಡ ಇದೆ. ಚರ್ಚಿನ ಗೋಪುರ ಯಾತ್ರಿಗಳ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದು ಅಲ್ಲಿಂದ. ಮೊದಲ ದಿನ ಅರ್ಧ ದಾರಿ ಹೋಗಿ ತಿರುಗಿ. ಆಮೇಲೆ ಇನ್ನೂ ಕಡಿಮೆ. ಕೊನೆಯ ದಿನ ಚೌಕದವರೆಗೆ ಸಾಕು. ಕಾಲು ಹೇಗೂ ಒಮ್ಮೆಲೇ ನಿಲ್ಲಲು ಒಪ್ಪುವುದಿಲ್ಲ, ಮನಸ್ಸು ಯಾಕೆ ಒಪ್ಪುತ್ತದೆ?

ಮಧ್ಯಾಹ್ನಕ್ಕೆ ಇನ್ನೊಂದು ಕೆಲಸ ಕೊಟ್ಟೆ. ದಾರಿಯುದ್ದಕ್ಕೂ ಮುದ್ರೆ ಹಾಕಿಸಿಕೊಂಡ ಯಾತ್ರಿ ಪುಸ್ತಿಕೆ ಅವರ ಹತ್ತಿರ ಇತ್ತು. ಕೊನೆಯ ಮುದ್ರೆಯಿಂದ ಶುರು ಮಾಡಿ ಹಿಂದೆ ಹಿಂದೆ ಹೋಗಬೇಕು. ಒಂದೊಂದು ಮುದ್ರೆಗೂ ಒಂದೇ ಸಾಲು ಬರೆಯಬೇಕು, ಅಲ್ಲಿ ತಾಯಿ ನೆನಪಾದರಾ ಇಲ್ಲವಾ ಅಂತ. ಬೇರೆ ಡೈರಿ ಬೇಡ. ವಸ್ತುಸಂಗ್ರಹಾಲಯ, ಮಾರ್ಕೆಟ್ ಎಲ್ಲ ಮನಸ್ಸಾದರೆ ನೋಡಿ, ದಿನಕ್ಕೆ ಒಂದಕ್ಕಿಂತ ಜಾಸ್ತಿ ಬೇಡ ಅಂದೆ. ಮನೆಗೆ ಹೋದ ಮೊದಲ ವಾರಕ್ಕೆ, ಗೊತ್ತಾದ ಹೊತ್ತಿಗೆ ಇನ್ನೊಬ್ಬರ ಜೊತೆ ಮಾಡುವ ಒಂದು ಕೆಲಸವನ್ನು ಅಲ್ಲಿಂದಲೇ ಫೋನ್ ಮಾಡಿ ಗೊತ್ತುಮಾಡಿಕೊಳ್ಳಿ ಅಂತಲೂ ಹೇಳಿದೆ. ಇದೊಂದನ್ನು ಅವರು ಮಾಡಲಿಲ್ಲ.

ಬಾಣಗಳಿಗೆ ಎದುರಾಗಿ ನಡೆಯುವಾಗ ಮೊದಲ ದಿನ ಮುಜುಗರ ಆಯಿತಂತೆ. ಎದುರು ಬರುವವರೆಲ್ಲ "ದಾರಿ ತಪ್ಪಿದ್ದೀರಿ" ಅಂತ ಕೈ ತೋರಿಸುತ್ತಿದ್ದರು. ಎರಡನೆಯ ದಿನ ಕುಂಟುತ್ತಿದ್ದ ಹುಡುಗಿಯೊಬ್ಬಳ ಜೊತೆ ಚೌಕದವರೆಗೆ ವಾಪಸ್ ಬಂದರು. ಅವಳು ಅತ್ತಳು, ಇವರು ಸುಮ್ಮನೆ ಪಕ್ಕದಲ್ಲಿ ಕೂತಿದ್ದರು. ಮೂರನೆಯ ದಿನ ಬಸ್ಸಿನಲ್ಲಿ ಫಿನಿಸ್ತೆರೆಗೆ ಹೋಗಿ ಬಂದರು. ಅಲ್ಲಿ ಬಟ್ಟೆ ಸುಡುವ ಒಂದು ರೂಢಿ ಇತ್ತು, ಈಗ ಹಾಗೆ ಮಾಡಬಾರದು. ಇವರು ಸುಡಲು ಏನೂ ಒಯ್ದಿರಲಿಲ್ಲ.

ಮುದ್ರೆಗಳ ಪಟ್ಟಿ ಫೋಟೊ ತೆಗೆದು ಕಳಿಸಿದರು. ಮೊದಲ ಹತ್ತು ದಿನದ ಹೆಚ್ಚು ಕಡಿಮೆ ಎಲ್ಲ ಮುದ್ರೆಗೂ "ಇಲ್ಲ" ಅಂತ ಇತ್ತು. ಕೊನೆಯ ವಾರ ಎಲ್ಲ "ಹೌದು".

ಬಂದು ಎರಡು ತಿಂಗಳಾಯಿತು. ಹದಿನೈದು ದಿನಕ್ಕೊಮ್ಮೆ ಮಾತಾಡುತ್ತೇವೆ, ಈಗ ಮಾತು ಪೂರ್ತಿ ತಾಯಿಯದ್ದೇ. ಐದಕ್ಕೆ ಎಚ್ಚರ ಈಗಲೂ ಆಗುತ್ತದೆ. ಬ್ಯಾಗ್ ಮಾತ್ರ ಕಟ್ಟುವುದಿಲ್ಲವಂತೆ.