ನಾಲೆ ಏರಿ, ಕೆರೆ ದಂಡೆ, ಹಳೇ ತೋಟ: ಮಂಡಿಗೆ ಭಾರ ಆಗದ ನಡಿಗೆಗಳು

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್, ನಮ್ಮ ತಂದೆಗೆ 68 ವರ್ಷ, ಮಂಡಿ ನೋವಿದೆ. ಡಾಕ್ಟ್ರು ದಿನಾ ನಡೀಬೇಕು, ಆದ್ರೆ ಹತ್ತೋದು ಇಳಿಯೋದು ಬೇಡ ಅಂದಿದಾರೆ. ಬೆಂಗಳೂರಲ್ಲಿ ಪಾರ್ಕ್ ಸುತ್ತಿ ಸುತ್ತಿ ಬೇಜಾರಾಗಿದೆ ಅವ್ರಿಗೆ, ಹುಟ್ಟಿ ಬೆಳೆದಿದ್ದು ಗದ್ದೆ ಬಯಲಿನ ಊರಲ್ಲಿ. ಯಾರನ್ನ ಕೇಳಿದ್ರೂ ಬೆಟ್ಟಾನೇ ಹೇಳ್ತಾರೆ. ಮೈಸೂರು ಕಡೆ ಸಮತಟ್ಟಾಗಿ ನಡೆಯೋ ಜಾಗ ಇದ್ಯಾ? (ಓದುಗರೊಬ್ಬರು, ಬೆಂಗಳೂರು)

ಉತ್ತರ: ಇದೆ, ಶ್ರೀರಂಗಪಟ್ಟಣದ ಆಸುಪಾಸಲ್ಲೇ ಇದೆ, ಹಳೇ ನಾಲೆಗಳ ಏರಿ. ಇಷ್ಟು ವರ್ಷದಿಂದ ಈ ಕಾಲಂ ಬರೀತಿದೀನಿ, ವಯಸ್ಸಾದೋರಿಗೆ ಯಾವ ಜಾಗ ಅಂತ ಕೇಳಿದಾಗೆಲ್ಲ ನನ್ನ ಬಾಯಿಗೆ ಮೊದಲು ಬರೋದು ಇದೇ, ಆದ್ರೂ ಜನ ಕಾರಲ್ಲಿ ಇದನ್ನ ದಾಟ್ಕೊಂಡು ಚಾಮುಂಡಿ ಬೆಟ್ಟಕ್ಕೆ ಹೋಗ್ಬಿಡ್ತಾರೆ ಅನ್ನೋದೇ ನನಗೆ ಬೇಸರ. ನಾಲೆ ಏರಿ ಯಾಕೆ ಮಂಡಿಗೆ ಒಳ್ಳೇದು ಅಂದ್ರೆ, ಆಗಿನ ಕಾಲದ ನಾಲೆಗೆ ಪಂಪಿಲ್ಲ ಏನಿಲ್ಲ, ನೀರು ತಾನಾಗೇ ಹರೀಬೇಕು, ಜೋರಾಗಿ ಹರಿದ್ರೆ ಮಣ್ಣಿನ ದಡ ಕೊಚ್ಕೊಂಡು ಹೋಗುತ್ತೆ, ಅದಕ್ಕೆ ಕಣ್ಣಿಗೇ ಕಾಣದಷ್ಟು ಕಮ್ಮಿ ಇಳಿಜಾರು ಹಿಡಿದು ದಿಣ್ಣೆ ಬಂದ್ರೆ ಬಳಸ್ಕೊಂಡು ಹಳ್ಳ ಬಂದ್ರೆ ಸುತ್ಕೊಂಡು ಹೋಗೋ ಹಾಗೆ ಅಗೆದಿದಾರೆ. ಪಕ್ಕದ ಏರಿ ಮೇಲೆ ನೀವು ಎಷ್ಟು ದೂರ ನಡೆದ್ರೂ ಹತ್ತಿದ್ದು ಗೊತ್ತಾಗಲ್ಲ ಇಳಿದಿದ್ದೂ ಗೊತ್ತಾಗಲ್ಲ. ಪ್ರತಿ ತಿರುವಲ್ಲೂ ಬಯಲು ಬೇರೆ ಥರ ಕಾಣುತ್ತೆ ಅನ್ನೋದು ಇನ್ನೊಂದು ಲಾಭ.

ಕಾವೇರಿಯ ಎಡದಂಡೆಯಲ್ಲಿ ಚಿಕ್ಕದೇವರಾಜ ಸಾಗರ ನಾಲೆ ಇದೆ, ಎಲ್ರೂ ಸಿಡಿಎಸ್ ನಾಲೆ ಅಂತಾರೆ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಹೆಸರಿನದು, ಅಂದ್ರೆ 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಗಿಂತ ಇನ್ನೂರು ವರ್ಷಕ್ಕೂ ಹಿಂದಿನದು. ಬಲದಂಡೆಯಲ್ಲಿ ವಿರಿಜಾ ನಾಲೆ. ಇನ್ನೊಂದು ಬಂಗಾರದೊಡ್ಡಿ ನಾಲೆ, ಇದು ಇನ್ನೂ ಹಳೇದು, ಕಂಠೀರವ ನರಸರಾಜ ಒಡೆಯರ ಕಾಲದ್ದು ಅಂತ ಹೇಳ್ತಾರೆ, ನದಿಯ ಕವಲಿನ ಮೇಲೇ ಮೇಲ್ಗಾಲುವೆ ಕಟ್ಟಿ ನೀರನ್ನ ಶ್ರೀರಂಗಪಟ್ಟಣದ ದ್ವೀಪಕ್ಕೆ ದಾಟಿಸಿದಾರೆ. ಕೆಳಗೆ ಹೊಳೆ, ಅದರ ಮೇಲೆ ಹೊಳೆಯದೇ ನೀರು ನಾಲೆಯಾಗಿ ಹರಿಯೋದು, ಇದನ್ನ ನಿಮ್ಮ ತಂದೆಯವರಿಗೆ ಖಂಡಿತ ತೋರಿಸಿ.

ಯಾವಾಗ ಹೋಗ್ಬೇಕು ಅನ್ನೋದು ಮುಖ್ಯ. ಬೇಸಿಗೇಲಿ ನಾಲೆ ಒಣಗಿರುತ್ತೆ, ಹೂಳೆತ್ತೋ ಕೆಲಸ ನಡೀತಿರುತ್ತೆ, ಧೂಳು, ಆಗ ಹೋಗಿ ನಿರಾಸೆ ಪಡಬೇಡಿ. ಮಳೆ ಚೆನ್ನಾಗಾಗಿ ಕಟ್ಟೆ ತುಂಬಿ ನಾಲೆಗೆ ನೀರು ಬಿಟ್ಮೇಲೆ, ಸಾಮಾನ್ಯವಾಗಿ ಆಗಸ್ಟಿಂದ ಡಿಸೆಂಬರ್‌ವರೆಗೆ ಸರಿಯಾದ ಕಾಲ. ಮೊದಲು ನಾಟಿ ನೋಡಬಹುದು, ಆಮೇಲೆ ಹಸಿರು, ಕೊನೇಲಿ ಬಾಗಿದ ತೆನೆ. ನೀರನ್ನ ಕಟ್ಟು ಪದ್ಧತಿಯಲ್ಲಿ ಬಿಡ್ತಾರಾದ್ದರಿಂದ ಕೆಲವು ದಿನ ನಾಲೆ ತುಂಬಿರುತ್ತೆ ಕೆಲವು ದಿನ ಖಾಲಿ, ಊರಿನವರನ್ನ ಯಾರನ್ನಾದ್ರೂ ಕೇಳ್ಕೊಂಡು ಹೊರಡಿ. ರಂಗನತಿಟ್ಟಿನ ಹಕ್ಕಿಗಳಿಗೂ ಈ ಗದ್ದೆ ಬಯಲೇ ಊಟದ ಮನೆ, ಬಾಯ್ಕಳಕ ಕೊಕ್ಕರೆಗಳು ಬಸವನಹುಳ ಹುಡುಕ್ತಾ ಕೆಸರಲ್ಲಿ ನಿಂತಿರೋದನ್ನ ಟಿಕೆಟ್ ಇಲ್ದೆ ದೋಣಿ ಇಲ್ದೆ ಏರಿ ಮೇಲಿಂದಾನೇ ನೋಡಬಹುದು. ಅಲ್ಲಲ್ಲಿ ಆಲೆಮನೆ ಸಿಗುತ್ತೆ, ಬಿಸಿ ಬೆಲ್ಲದ ವಾಸನೆ ದೂರಕ್ಕೇ ಬರುತ್ತೆ, ನಿಮ್ಮ ತಂದೆ ಅಲ್ಲಿ ಮಾತಿಗೆ ಕೂತ್ರೆ ಎಬ್ಬಿಸಬೇಡಿ.

ಒಂದೇ ಕಡೆ ಹೋಗಿ ಅದೇ ದಾರೀಲಿ ವಾಪಸ್ ಬನ್ನಿ, ಸುತ್ತು ಹೊಡೀಬೇಕು ಅಂತ ಹಟ ಬೇಡ. ಅರ್ಧ ಗಂಟೆ ಹೋಗಿ ಅರ್ಧ ಗಂಟೆ ಬಂದ್ರೆ ಮೊದಲ ದಿನಕ್ಕೆ ಸಾಕು. ಬೆಳಿಗ್ಗೆ ಆರೂವರೆಗೆಲ್ಲ ಶುರು ಮಾಡಿ. ಮಳೆ ಬಿದ್ದ ಮಾರನೇ ದಿನ ಜೇಡಿಮಣ್ಣು ಜಾರುತ್ತೆ, ಚಪ್ಪಲಿ ಬೇಡ, ಹಿಡಿತ ಇರೋ ಶೂ ಹಾಕ್ಸಿ. ಕೈಯಲ್ಲೊಂದು ಕೋಲಿರ್ಲಿ, ಹುಲ್ಲು ಬೆಳೆದಿರೋ ಕಡೆ ನೆಲ ಕುಟ್ಕೊಂಡು ಹೋದ್ರೆ ಹಾವಿದ್ರೆ ಸರ್ಕೊಳ್ಳುತ್ತೆ.

ಪ್ರಶ್ನೆ: ವಿ.ಸಿ. ನಾಲೆ ನಮ್ಮೂರ ಪಕ್ಕದಲ್ಲೇ ಹೋಗುತ್ತೆ, ರಸ್ತೆನೂ ಚೆನ್ನಾಗಿದೆ. ಅಲ್ಲೇ ವಾಕಿಂಗ್ ಮಾಡಬಹುದಲ್ವಾ? (ಓದುಗರು, ಮಂಡ್ಯ ಜಿಲ್ಲೆ)

ಉತ್ತರ: ದಯವಿಟ್ಟು ಬೇಡ. ಇರ್ವಿನ್ ನಾಲೆ ಅಂತ ಮೊದಲು ಹೆಸರಿದ್ದ ಈ ವಿಶ್ವೇಶ್ವರಯ್ಯ ನಾಲೆ ಮಂಡ್ಯ ಬಯಲಿಗೆ ಅನ್ನ ಕೊಟ್ಟ ನಾಲೆ, ಅದರ ಬಗ್ಗೆ ನನಗೆ ಎಷ್ಟು ಗೌರವ ಇದೆಯೋ ಅಷ್ಟೇ ಭಯನೂ ಇದೆ. ಆಳ ಜಾಸ್ತಿ, ಸೆಳೆತ ಜಾಸ್ತಿ, ಗಾರೆ ಮಾಡಿರೋ ದಡ ಪಾಚಿ ಕಟ್ಟಿ ಜಾರುತ್ತೆ, ಈಜು ಬರೋರಿಗೂ ಹಿಡ್ಕೊಂಡು ಮೇಲೆ ಬರೋಕೆ ಏನೂ ಸಿಗಲ್ಲ. 2018ರ ನವೆಂಬರಲ್ಲಿ ಕನಗನಮರಡಿ ಹತ್ರ ಬಸ್ಸು ಈ ನಾಲೆಗೆ ಬಿದ್ದು 30 ಜನ ತೀರ್ಕೊಂಡ್ರು, ಅದರಲ್ಲಿ ಶಾಲೆ ಮಕ್ಕಳೂ ಇದ್ರು. ಮುಖ್ಯ ನಾಲೆ ಬಿಟ್ಟು ಅದರಿಂದ ಕವಲೊಡೆದು ಗದ್ದೆಗಳ ಮಧ್ಯೆ ಹೋಗೋ ಸಣ್ಣ ನಾಲೆಗಳ ಪಕ್ಕ ನಡೀರಿ, ಮಕ್ಕಳು ಜೊತೆಗಿದ್ರೆ ಅಲ್ಲೂ ಕೈ ಬಿಡಬೇಡಿ.

ಪ್ರಶ್ನೆ: ನಮ್ಮನೆಯವರಿಗೆ ಇತಿಹಾಸದ ಹುಚ್ಚು, ನನಗೆ ಸುಮ್ನೆ ನಡೆಯೋದು ಇಷ್ಟ. ಇಬ್ಬರಿಗೂ ಆಗೋ ಥರ ಅರ್ಧ ದಿನದ ದಾರಿ ಹೇಳಿ ಸರ್. (ಓದುಗರು, ಹಾಸನ)

ಉತ್ತರ: ಶ್ರೀರಂಗಪಟ್ಟಣದ ದ್ವೀಪದಲ್ಲಿ ದರಿಯಾ ದೌಲತ್‌ನಿಂದ ಶುರು ಮಾಡಿ ಗಂಜಾಂ ಮೂಲಕ ಗುಂಬಜ್, ಅಲ್ಲಿಂದ ಸಂಗಮ. ಮೂರ್ನಾಲ್ಕು ಕಿಲೋಮೀಟರು, ಪೂರ್ತಿ ಸಮತಟ್ಟು. ಕಾರಲ್ಲಿ ಹೋದ್ರೆ ಇವು ಮೂರು ಬೇರೆ ಬೇರೆ ಟೂರಿಸ್ಟ್ ಸ್ಪಾಟು ಅಷ್ಟೆ, ನಡೆದ್ರೆ ಮಾತ್ರ ಇಡೀ ಪೂರ್ವದ ಕಡೆ ನದಿ ದಂಡೆಯಲ್ಲಿ ಒಂದರ ಪಕ್ಕ ಒಂದು ತೋಟ ಮಾಡಿದ್ರು ಅನ್ನೋದು ಅರ್ಥ ಆಗುತ್ತೆ.

ದರಿಯಾ ದೌಲತ್ 1784ರದ್ದು, ಟಿಪ್ಪುವಿನ ಬೇಸಿಗೆ ಅರಮನೆ, ಹೆಚ್ಚಿನಂಶ ತೇಗದ ಮರದ ಕೆಲಸ. ಪಶ್ಚಿಮದ ಗೋಡೆ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರ ಇದೆ, ನಿಮ್ಮನೆಯವರು ಅಲ್ಲೇ ಒಂದು ಗಂಟೆ ನಿಲ್ತಾರೆ, ಅಷ್ಟು ಹೊತ್ತು ನೀವು ಹೊರಗೆ ಮರಗಳ ನೆರಳಲ್ಲಿ ಓಡಾಡಿ. ಟಿಪ್ಪು ಸತ್ತ ಮೇಲೆ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಇದ್ದಿದ್ದೂ ಇದೇ ಮನೇಲಿ. ಅವನ ಅಣ್ಣ ಗವರ್ನರ್ ಜನರಲ್ ಆಗಿದ್ದ, ಆ ಅಣ್ಣನ ಹೆಸರಲ್ಲಿ ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆ ಊರಿನ ಉತ್ತರದ ಕವಲಿನ ಮೇಲೆ ಈಗಲೂ ನಿಂತಿದೆ, ಕಮಾನೇ ಇಲ್ಲದೆ ಬರೀ ಕಲ್ಲುಕಂಬ ಮತ್ತು ಕಲ್ಲುತೊಲೆಯಲ್ಲಿ ಕಟ್ಟಿದ್ದು. ಸಮಯ ಉಳಿದ್ರೆ ಅದನ್ನೂ ನೋಡಿ. ಗಂಜಾಂ ಒಂದು ಕಾಲದಲ್ಲಿ ಅಂಜೂರಕ್ಕೆ ಹೆಸರಾಗಿತ್ತು. ಗುಂಬಜ್‌ನಲ್ಲಿ ಹೈದರ್, ಅವರ ಬೇಗಂ, ಟಿಪ್ಪು ಮೂರು ಜನರ ಸಮಾಧಿ ಇದೆ, ಸುತ್ತ 36 ಕರಿಕಲ್ಲಿನ ಕಂಬ. ಸಂಗಮದಲ್ಲಿ ಮೆಟ್ಟಿಲ ಮೇಲೆ ಕೂತು ಕಾಲಿಗೆ ರೆಸ್ಟ್ ಕೊಡಿ, ನೀರಿಗೆ ಮಾತ್ರ ಇಳಿಯಬೇಡಿ, ವಾಪಸ್ ಬರೋಕೆ ಆಟೋ ಹಿಡೀರಿ.

ಪ್ರಶ್ನೆ: ಮೈಸೂರಲ್ಲಿ ಮಗಳ ಮನೆಗೆ ಬಂದಿದೀನಿ, ಒಬ್ಬಳೇ ನಡೀಬೇಕು. ಕುಕ್ಕರಹಳ್ಳಿ ಕೆರೆನೋ ಕಾರಂಜಿ ಕೆರೆನೋ? (ಓದುಗರು, ಧಾರವಾಡ)

ಉತ್ತರ: ದಿನಾ ನಡೆಯೋಕೆ ಕುಕ್ಕರಹಳ್ಳಿ ಕೆರೇನೇ ನನ್ನ ಆಯ್ಕೆ ಅಮ್ಮ. ಬೆಳಿಗ್ಗೆ ನಿಮ್ಮ ವಯಸ್ಸಿನೋರು ಸುಮಾರು ಜನ ಇರ್ತಾರೆ, ಒಬ್ಬರೇ ಅನ್ನಿಸಲ್ಲ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದ ಕೆರೆ, ಕುವೆಂಪು ನಡೆದಾಡಿದ ದಂಡೆ. ಇನ್ನೂ ಶಕ್ತಿ ಇದ್ರೆ ಪಕ್ಕದ ಮಾನಸಗಂಗೋತ್ರಿ ಒಳಗೆ ಮರಗಳ ಕೆಳಗೇ ನಡ್ಕೊಂಡು ಜಯಲಕ್ಷ್ಮಿ ವಿಲಾಸ ಅರಮನೆವರೆಗೂ ಹೋಗಿ, ಹೊರಗಿಂದ ನೋಡಿದ್ರೂ ಕಣ್ಣು ತುಂಬುತ್ತೆ. ಕಾರಂಜಿ ಕೆರೆಗೆ ಟಿಕೆಟ್ ಇದೆ, ಮಂಗಳವಾರ ರಜ, ಮೊಮ್ಮಕ್ಕಳ ಜೊತೆ ಒಂದ್ಸಲ ಹೋಗಿ ಬನ್ನಿ.

ಪ್ರಶ್ನೆ: ತೊಣ್ಣೂರು ಕೆರೆ ಫೋಟೋ ನೋಡಿ ಫ್ರೆಂಡ್ಸೆಲ್ಲ ಹೋಗೋಣ ಅಂತಿದೀವಿ. ಈಜಬಹುದಾ? (ಓದುಗರು, ತುಮಕೂರು)

ಉತ್ತರ: ಈಜೋಕೆ ಅಂತ ಹೋಗ್ಲೇಬೇಡಿ ತಮ್ಮಾ. ನೀರು ತಿಳಿಯಾಗಿರೋದ್ರಿಂದ ಆಳ ಗೊತ್ತಾಗಲ್ಲ, ಜನ ಮುಳುಗಿ ಸತ್ತಿದಾರೆ. ಏರಿ ಮೇಲೆ ನಿಧಾನಕ್ಕೆ ನಡೀರಿ, ನಂಬಿ ನಾರಾಯಣ ದೇವಸ್ಥಾನ ನೋಡಿ. ರಾಮಾನುಜಾಚಾರ್ಯರ ಹೆಸರಿನ ಜೊತೆ ಬೆಸೆದಿರೋ ಊರು, ಬೆಟ್ಟಗಳ ಮಧ್ಯೆ ಇರೋ ಈ ನೀರನ್ನೇ ಆಮೇಲೆ ಮೋತಿ ತಲಾಬ್ ಅಂತ ಕರೆದಿದ್ದು.

ಪ್ರಶ್ನೆ: ನಾಲೆ ಏರಿ ಮೇಲೆ ಹೋಗೋಕೆ ಯಾರಿಗಾದ್ರೂ ಪರ್ಮಿಷನ್ ಕೇಳ್ಬೇಕಾ? ಊರೋರು ಬೈತಾರಾ? (ಓದುಗರು, ಬೆಂಗಳೂರು)

ಉತ್ತರ: ಯಾರೂ ಬೈಯಲ್ಲ, ಮೊದಲು ಊಟ ಆಯ್ತಾ ಅಂತ ಕೇಳ್ತಾರೆ. ಏರಿ ರೈತರ ದಿನದ ದಾರಿ, ಟ್ರ್ಯಾಕ್ಟರೋ ಕಬ್ಬಿನ ಗಾಡಿಯೋ ಬಂದ್ರೆ ನೀರಿನ ಕಡೆಗಲ್ಲ, ಗದ್ದೆ ಕಡೆಗೆ ಸರಿದು ನಿಲ್ಲಿ. ಕಾರು ಏರಿ ಮೇಲೆ ತರಬೇಡಿ, ಊರಲ್ಲೇ ನಿಲ್ಸಿ. ತೂಬಿನ ಗೇಟು ಮುಟ್ಟಬೇಡಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನೋದು ನೀರು ಬಿಡೋ ನೀರುಗಂಟಿ ಮತ್ತು ರೈತರ ನಡುವೆ ಆಗಿರೋ ಲೆಕ್ಕ, ಅದು ತಪ್ಪಿದ್ರೆ ಕೊನೇ ಗದ್ದೆಯವರ ಪೈರು ಒಣಗುತ್ತೆ. ಚಿಪ್ಸ್ ಕವರ್, ನೀರಿನ ಬಾಟ್ಲು ನಾಲೆಗೆ ಎಸೆದ್ರೆ ಅದೂ ಹೋಗಿ ಇದೇ ತೂಬಲ್ಲಿ ಸಿಕ್ಕಾಕೊಳ್ಳೋದು. ತಂದಿದ್ದನ್ನ ವಾಪಸ್ ಬ್ಯಾಗಲ್ಲೇ ತಗೊಂಡು ಹೋಗಿ.